ದೇವರ ಹೆಸರು ಬೇಡ ಅಂದ್ರೆ ಪ್ರಮಾಣ ಹಗುರ ಆಗುತ್ತಾ?

"ನಾನು ದೇವರನ್ನ ನಂಬೋನಲ್ಲ. ಅಫಿಡವಿಟ್‌ನಲ್ಲಿ 'ದೇವರ ಹೆಸರಿನಲ್ಲಿ' ಅಂತಿದ್ದಿದ್ದನ್ನ ಹೊಡೆದುಹಾಕಿ ಅಂದ್ರೆ ನೋಟರಿ 'ಸುಮ್ನೆ ಸೈನ್ ಹಾಕಿ ಸಾರ್, ಅದೆಲ್ಲ ಫಾರ್ಮ್ಯಾಟು' ಅಂದ್ರು. ಸತ್ಯನಿಷ್ಠೆಯ ಪ್ರಮಾಣಕ್ಕೆ ಬೆಲೆ ಕಮ್ಮಿನಾ?" ಅಂತ ಹಾಸನದ ಓದುಗರೊಬ್ಬರು ಕೇಳಿದ್ದಾರೆ.

ಒಂದು ಗುಲಗಂಜಿಯಷ್ಟೂ ಕಮ್ಮಿ ಇಲ್ಲ ಸ್ವಾಮಿ. ಪ್ರಮಾಣಕ್ಕೆ ಅಂತಲೇ ಇರೋ 1969ರ ಓತ್ಸ್ ಆಕ್ಟ್‌ನ ಕೊನೇಲಿ ಅಫಿಡವಿಟ್‌ಗೆ ಅಂತಲೇ ಒಂದು ನಮೂನೆ ಇದೆ, ಅದರಲ್ಲಿ ದೇವರ ಹೆಸರೂ ಸತ್ಯನಿಷ್ಠೆಯೂ ಅಕ್ಕಪಕ್ಕ ಕೂತಿವೆ, ಯಾವುದು ಬೇಕೋ ಅದು ನಿಮ್ಮಿಷ್ಟ. ಕಾನೂನಿನ ಪದಗಳಿಗೆ ಅರ್ಥ ಹೇಳೋ 1897ರ ಜನರಲ್ ಕ್ಲಾಸಸ್ ಆಕ್ಟ್ ಕೂಡ ಓತ್ (ಪ್ರಮಾಣ) ಅಂದ್ರೆ ಅಫರ್ಮೇಶನ್ನೂ (ಸತ್ಯನಿಷ್ಠೆಯ ಪ್ರಮಾಣವೂ) ಸೇರಿದ್ದೇ ಅನ್ನುತ್ತೆ. ಧರ್ಮಸ್ಥಳದಲ್ಲಿ ಆಣೆ ಹಾಕು ಅಂದ್ರೆ ಬೆವೆತುಹೋಗೋರನ್ನ ನಾನೂ ನೋಡಿದ್ದೀನಿ, ಆ ಭಯಕ್ಕೆ ನನ್ನ ಗೌರವ ಇದೆ. ಆದ್ರೆ ಯಾರ ಭಯವೂ ಇಲ್ದೆ, ಬರೀ ತನ್ನ ಮಾತನ್ನೇ ಒತ್ತೆ ಇಟ್ಟು 'ಇದು ನಿಜ' ಅನ್ನೋ ಮನುಷ್ಯ ನಂಗೆ ಇನ್ನೂ ಹತ್ತಿರದೋನು. ಮೊದಲು ಕೋರ್ಟಲ್ಲಿ ಹಿಂದೂ ಸಾಕ್ಷಿಗಳ ಕೈಲಿ ಗಂಗಾಜಲ ಹಿಡಿಸ್ತಿದ್ರು, ಅದು ಎಷ್ಟೋ ಜನಕ್ಕೆ ಒಗ್ಗದೆ 1840ರಲ್ಲೇ ಅವರಿಗೆ ಅಫರ್ಮೇಶನ್ ಸಾಕು ಅಂತ ಕಾನೂನು ಬಂತು. ಇದೇನು ನಿನ್ನೆ ಮೊನ್ನೆ ಕೊಟ್ಟ ರಿಯಾಯಿತಿ ಅಲ್ಲ.

ಆದ್ರೆ ನಿಮ್ಮ ಮೇಲೂ ಒಂದು ತಕರಾರಿದೆ. ಒಂದು ಪದದ ಬಗ್ಗೆ ಇಷ್ಟುದ್ದ ಬರೆದ್ರಿ, ಆ ಪ್ರಮಾಣವನ್ನ ಬಾಯಿಬಿಟ್ಟು ಹೇಳಿದ್ರಾ, ನೋಟರಿ ಹೇಳಿಸಿದ್ರಾ ಅಂತ ಬರೀಲೇ ಇಲ್ಲ. 1952ರ ನೋಟರಿ ಕಾಯ್ದೆಯ 8ನೇ ಸೆಕ್ಷನ್ ಪ್ರಮಾಣ ಮಾಡಿಸೋದನ್ನ ನೋಟರಿ ಕೆಲಸಗಳಲ್ಲೇ ಸೇರಿಸಿದೆ, ಸೀಲಲ್ಲೂ 'ನನ್ನ ಮುಂದೆ ಪ್ರಮಾಣ ಮಾಡಿದರು' ಅಂತಿರುತ್ತೆ, ಯಾವಾಗ ಮಾಡಿದ್ವಿ ಹೇಳಿ? ಬೆಳಗಿಂದ ಸಂಜೆವರೆಗೆ ಕ್ಯೂ ಇರುತ್ತೆ, ಒಪ್ಪಿದೆ. ಆದ್ರೆ ಕನ್ನಡ ಬಿಟ್ಟು ಬೇರೆ ಬಾರದೋರ ಕೈಗೂ 'ಸಾಲಮ್ಲಿ ಅಫರ್ಮ್ ಅಂಡ್ ಸ್ಟೇಟ್ ಆನ್ ಓತ್' ಅಂತ ಎರಡನ್ನೂ ಕಲಸಿದ ಇಂಗ್ಲಿಷ್ ಹಾಳೆ ಕೊಟ್ಟು ಹೆಬ್ಬೆಟ್ಟು ಒತ್ತಿಸಿಕೊಳ್ಳೋದಿದೆಯಲ್ಲ, ಅದು ನನಗೆ ತಡೆಯೋಕಾಗಲ್ಲ.

ನಮ್ಮ ಸೋದರತ್ತೆಗೆ ವಂಶವೃಕ್ಷದ ಅಫಿಡವಿಟ್ ಬೇಕಿತ್ತು. ತಾಲ್ಲೂಕು ಆಫೀಸ್ ಎದುರಿನ ವಯಸ್ಸಾದ ನೋಟರಿಯೊಬ್ಬರು ಇಂಕ್ ಪ್ಯಾಡ್ ಪಕ್ಕಕ್ಕಿಟ್ಟು, ಹಾಳೆಯನ್ನ ಸಾಲು ಸಾಲಾಗಿ ಕನ್ನಡದಲ್ಲಿ ಹೇಳಿ, "ಇದೆಲ್ಲ ನಿಜ ಅಂತ ನಿಮ್ಮ ಬಾಯಲ್ಲಿ ಹೇಳಿ ತಾಯಿ" ಅಂದ್ರು. ಅತ್ತೆ ಸ್ವಲ್ಪ ಹೊತ್ತು ಸುಮ್ನಿದ್ದು, "ಎಂಗಪ್ಪಾ ಹೇಳ್ಲಿ, ನನ್ನ ಎರಡನೇ ಮಗಳ ಹೆಸರೇ ಬರ್ಲಿಲ್ವಲ್ಲ" ಅಂದ್ಳು.