ಯಾರ ಕಡೆ ನಿಲ್ಲಲಿ ಅಂತ ಕೇಳಿದೆಯಲ್ಲ, ತಮ್ಮಾ

ಅಮೆರಿಕಕ್ಕೆ ಬಂದು ಮೂರು ತಿಂಗಳಾಯಿತು, ಚರ್ಚಿನಲ್ಲಿ ಆರಾಧನೆ ಮುಗಿದು ಕಾಫಿಗೆ ನಿಂತರೆ ಅಧ್ಯಕ್ಷರ ಚುನಾವಣೆಯದೇ ಮಾತು, ನಿಜವಾದ ಕ್ರೈಸ್ತ ಯಾರಿಗೆ ವೋಟ್ ಹಾಕಬೇಕು ಅಂತ ಇಬ್ಬರು ಹಿರಿಯರು ನಿನ್ನೆದುರೇ ಜಗಳಕ್ಕಿಳಿದರು ಅಂತ ಬರೆದಿದ್ದೀಯ. ಓದಿ ಬೇಜಾರಾಯಿತು.

ಮೊದಲು ಒಂದು ಎಚ್ಚರಿಕೆ. ನೀನು ಎಚ್-1ಬಿ ವೀಸಾದಲ್ಲಿದ್ದೀಯ, ನಿನಗೆ ವೋಟಿಲ್ಲ. ಗ್ರೀನ್ ಕಾರ್ಡ್ ಬಂದರೂ ಇಲ್ಲ, ಪೌರತ್ವ ಸಿಕ್ಕ ಮೇಲೇ. 1993ರ ಕಾನೂನಿನ ಪ್ರಕಾರ ಹೆಚ್ಚಿನ ರಾಜ್ಯಗಳಲ್ಲಿ ಡ್ರೈವಿಂಗ್ ಲೈಸೆನ್ಸ್ ಮಾಡಿಸುವಾಗಲೇ ಮತದಾರರ ಪಟ್ಟಿಗೂ ಹೆಸರು ಸೇರಿಸುವ ಅವಕಾಶ ಕೊಡುತ್ತಾರೆ. ಕೇಳಿದರೆ ಬೇಡ ಅನ್ನು. ಸುಮ್ನೆ ಟಿಕ್ ಹಾಕಿಬಿಟ್ಟರೆ ಮುಂದೆ ಪೌರತ್ವದ ಅರ್ಜಿ ಹೊತ್ತಿಗೆ ದೊಡ್ಡ ತೊಂದರೆ.

ನಾನು ಮಂಗಳೂರಿನ ಬಾಸೆಲ್ ಮಿಷನ್ ಸಭೆಯಲ್ಲಿ, ಅಂದರೆ ಪ್ರಾಟೆಸ್ಟೆಂಟ್ ಚರ್ಚಿನಲ್ಲಿ, ಬೆಳೆದವಳು. ಕರ್ನಾಟಕದಲ್ಲಿ ನಾವು ಕ್ರೈಸ್ತರು ನೂರಕ್ಕೆ ಇಬ್ಬರೂ ಇಲ್ಲ. ಗೆದ್ದವರು ನಮ್ಮವರೇ ಆಗಿರಬೇಕು ಅನ್ನೋ ಯೋಚನೆಯೇ ಬರುತ್ತಿರಲಿಲ್ಲ. ಆದರೂ ಭಾನುವಾರ ಅಯ್ಯನವರು, ಅಂದರೆ ಸಭೆಯ ಪಾದ್ರಿ, ಆಳುವವರಿಗಾಗಿ ಪ್ರಾರ್ಥಿಸುತ್ತಿದ್ದರು, ನಾವು ಮನಸಾರೆ ಆಮೆನ್ ಅನ್ನುತ್ತಿದ್ದೆವು. ಇಲ್ಲಿ ಅಮೆರಿಕದಲ್ಲಿ ಕ್ರೈಸ್ತರೇ ಜಾಸ್ತಿ. ಅದಕ್ಕೇ ಎರಡೂ ಕಡೆಯವರು ದೇವರು ನಮ್ಮ ಜೊತೆ ಅನ್ನುತ್ತಾರೆ. ಬಿಳಿಯ ಇವಾಂಜೆಲಿಕಲ್ (ಬೈಬಲ್ ಮಾತೇ ಅಂತಿಮ ಅನ್ನುವ ಪ್ರಾಟೆಸ್ಟೆಂಟ್) ಸಭೆಗಳವರು ಬಹುಪಾಲು ರಿಪಬ್ಲಿಕನ್ನರಿಗೆ, ಕಪ್ಪು ಜನರ ಸಭೆಗಳವರು ಬಹುಪಾಲು ಡೆಮಾಕ್ರಟರಿಗೆ. ಓದುವುದು ಒಂದೇ ಬೈಬಲ್. ಒಬ್ಬರಿಗೆ ಗರ್ಭದಲ್ಲಿರುವ ಮಗು ಮೊದಲು, ಇನ್ನೊಬ್ಬರಿಗೆ ಬಡವ, ಪರದೇಶಿ ಮೊದಲು. ನನಗೆ ದೇವರ ವಾಕ್ಯದಲ್ಲಿ ಎರಡೂ ಕಾಣುತ್ತವೆ. ಹಾಗಾಗಿ ವೋಟ್ ಹಾಕಿ ಬಂದಾಗಲೆಲ್ಲ ಮನಸ್ಸು ಭಾರ.

ಹಿಂದೆ ಕ್ರೈಸ್ತರೇ ಕ್ರೈಸ್ತರನ್ನು ಅನುಮಾನಿಸಿದ ಕಾಲವೂ ಇತ್ತು. 1960ರಲ್ಲಿ ಅಧ್ಯಕ್ಷರ ಚುನಾವಣೆಗೆ ನಿಂತ ಜಾನ್ ಕೆನಡಿ ಕ್ಯಾಥೊಲಿಕ್, ಪೋಪ್ ಹೇಳಿದಂತೆ ಕೇಳುತ್ತಾರೆ ಅಂತ ಪ್ರಾಟೆಸ್ಟೆಂಟರಿಗೆ ಭಯ. ಅವರು ಹ್ಯೂಸ್ಟನ್‌ಗೆ ಹೋಗಿ ಪ್ರಾಟೆಸ್ಟೆಂಟ್ ಪಾದ್ರಿಗಳ ಎದುರೇ ನಿಂತು, ನಾನು ಕ್ಯಾಥೊಲಿಕರ ಅಭ್ಯರ್ಥಿಯಲ್ಲ ಅಂದರು. ಆ ಮಾತು ನನಗೆ ತುಂಬಾ ಹಿಡಿಸುತ್ತದೆ.

2016ರ ನವೆಂಬರ್. ಟ್ರಂಪ್ ಗೆದ್ದ ಫಲಿತಾಂಶ ಬಂದ ನಂತರದ ಭಾನುವಾರ ಇಲ್ಲಿನ ನಮ್ಮ ಸಭೆಯಲ್ಲಿ ಪರಿಶುದ್ಧ ಭೋಜನ, ಅಂದರೆ ರೊಟ್ಟಿ-ದ್ರಾಕ್ಷಾರಸ ಹಂಚಿಕೊಳ್ಳುವ ಆರಾಧನೆ, ಇತ್ತು. ಮೊಣಕಾಲೂರಿದಾಗ ನನ್ನ ಎಡಕ್ಕೆ ಗೆದ್ದ ಪಕ್ಷದ ಅಜ್ಜ, ಬಲಕ್ಕೆ ಅತ್ತೂ ಅತ್ತೂ ಕಣ್ಣು ಕೆಂಪಾದ ಅಕ್ಕ. ಅಕ್ಕನ ಮಂಡಿ ನೋವು, ಏಳೋಕಾಗಲಿಲ್ಲ. ಅಜ್ಜ ನನ್ನನ್ನು ದಾಟಿ ಬಂದು ಕೈ ಕೊಟ್ಟು ಎಬ್ಬಿಸಿದರು. ಮೊನ್ನೆವರೆಗೆ ಒಬಾಮಾ ಹೆಸರು ಹೇಳಿ ಪ್ರಾರ್ಥಿಸುತ್ತಿದ್ದ ಅಯ್ಯನವರು ಅಂದು ಟ್ರಂಪ್ ಹೆಸರನ್ನೂ ಸೇರಿಸಿದರು. ಅಕ್ಕ ಮೆಲ್ಲಗೆ ಆಮೆನ್ ಅಂದದ್ದು ನನಗೆ ಕೇಳಿಸಿತು. ಅರಸರಿಗಾಗಿ ಪ್ರಾರ್ಥಿಸಿ ಅಂತ ಬೈಬಲಿನಲ್ಲಿ ಪೌಲ ತನ್ನ ಶಿಷ್ಯ ತಿಮೊಥೆಯನಿಗೆ ಬರೆದ ಕಾಲದಲ್ಲಿ ರೋಮಿನ ಅರಸ ಕ್ರಿಸ್ತನವನೇನೂ ಆಗಿರಲಿಲ್ಲ, ಅಲ್ವಾ?

ಬರುವ ಭಾನುವಾರ ಆ ಇಬ್ಬರು ಹಿರಿಯರ ಹತ್ತಿರವೂ ಹೋಗಿ ಕೂತುಕೋ. ಯಾರಿಗೆ ವೋಟ್ ಅಂತ ಕೇಳಬೇಡ. ಈ ದೇಶದ ಬಗ್ಗೆ ಅವರಿಗೆ ಏನು ಚಿಂತೆ ಅಂತ ಕೇಳು. ಆಮೇಲೆ ನನಗೆ ಬರೆ.