ಮಾರುಕಟ್ಟೆ ತೆರೆದಾಗ ಟೆಲಿಕಾಂ ಕಂಪನಿಗಳು ಹೊಸ ತಂತ್ರಜ್ಞಾನವನ್ನು ಹೇಗೆ ನಿಭಾಯಿಸುತ್ತವೆ?

ನಾಲ್ಕಾರು ತಂತ್ರಜ್ಞಾನ ತೂಗಿ ನೋಡಿ ಒಳ್ಳೆಯದನ್ನು ಹಾಕುತ್ತಾರಾ ಎಂದು ಕೇಳಿದ್ದೀರಿ. ಅಷ್ಟು ಸಲೀಸಲ್ಲ. ನಮ್ಮಲ್ಲಿ ಮಾರುಕಟ್ಟೆ ತೆರೆದಾಗ ನಾನು ಟವರ್‌ಗಳಲ್ಲಿ ಯಂತ್ರ ಕೂರಿಸುವ ಕೆಲಸದಲ್ಲಿದ್ದೆ. ನಾನು ನೋಡಿದ್ದು ನಮ್ಮ ದೇಶದ ಕಥೆ, ಅದನ್ನೇ ಹೇಳುತ್ತೇನೆ.

1994ರ ಟೆಲಿಕಾಂ ನೀತಿಯ ನಂತರ ಖಾಸಗಿಯವರು ಬಂದರು. ಮೊಬೈಲಿಗೆ ಜಿಎಸ್‌ಎಂ ಎಂಬ ತಂತ್ರಜ್ಞಾನವೇ ಅಂತ ಲೈಸೆನ್ಸ್‌ನಲ್ಲೇ ಬರೆದಿತ್ತು, ಆರಿಸುವ ಮಾತೇ ಇರಲಿಲ್ಲ. ಲೈಸೆನ್ಸ್‌ಗೆ ಎಲ್ಲರೂ ಕೈಮೀರಿ ಬಿಡ್ ಕೂಗಿದ್ದರು. ಕಂತು ಕಟ್ಟೋಕೇ ಏದುಸಿರು, ಇನ್ನು ಹೊಸ ಯಂತ್ರಕ್ಕೆ ದುಡ್ಡೆಲ್ಲಿ? 1999ರಲ್ಲಿ ಸರ್ಕಾರ ಆ ಶುಲ್ಕ ಬಿಟ್ಟು ಆದಾಯದಲ್ಲಿ ಪಾಲು ತಗೊಳ್ಳೋಕೆ ಒಪ್ಪಿದ ಮೇಲೇ ಉಸಿರು ಬಂದದ್ದು.

ನನಗೆ ಇವತ್ತಿಗೂ ಜಾಣತನ ಅನಿಸುವುದು ಏರ್‌ಟೆಲ್ 2004ರಲ್ಲಿ ಮಾಡಿದ್ದು. ನೆಟ್‌ವರ್ಕ್ ಕಟ್ಟಿ ನೋಡಿಕೊಳ್ಳುವ ಕೆಲಸವನ್ನು ಎರಿಕ್ಸನ್‌ನಂಥವರಿಗೆ, ಕಂಪ್ಯೂಟರ್ ಕೆಲಸವನ್ನು ಐಬಿಎಂಗೆ ವಹಿಸಿಬಿಟ್ಟಿತು. ಇಷ್ಟು ಪೆಟ್ಟಿಗೆಗೆ ಇಷ್ಟು ದುಡ್ಡು ಅನ್ನುವ ಲೆಕ್ಕವೇ ಇಲ್ಲ. ಬಳಕೆಗೆ ಬಂದ ಎರ್ಲಾಂಗ್‌ಗೆ ಮಾತ್ರ ದುಡ್ಡು. ಒಂದು ಲೈನ್ ಗಂಟೆ ಪೂರ್ತಿ ಮಾತಿನಲ್ಲಿದ್ದರೆ ಅದು ಒಂದು ಎರ್ಲಾಂಗ್. ಐಬಿಎಂಗೆ ಆದಾಯದಲ್ಲಿ ಪಾಲು. ಮೊದಲೆಲ್ಲ ಯಂತ್ರ ಮಾರುವವರು ಬೇಕಿರಲಿ ಬೇಡದಿರಲಿ ಜಾಸ್ತಿ ತುಂಬುತ್ತಿದ್ದರು. ಈಗ ಸುಮ್ನೆ ಕೂತ ಯಂತ್ರದ ನಷ್ಟ ಅವರದ್ದೇ! ಆಗ ಅಂಗಡಿಯನ್ನೇ ಬೇರೆಯವರ ಕೈಗೆ ಕೊಟ್ಟರು ಎಂದು ನಕ್ಕವರೂ ಇದ್ದರು.

ರಿಲಯನ್ಸ್ ದಾರಿ ಬೇರೆ. ಸಿಡಿಎಂಎ ಎಂಬ ಬೇರೊಂದು ಮೊಬೈಲ್ ತಂತ್ರಜ್ಞಾನ ಹಿಡಿದು, 'ಸೀಮಿತ ಸಂಚಾರ' (ಊರಿನ ಸುತ್ತಮುತ್ತ ಮಾತ್ರ ಓಡಾಡಿ ಬಳಸುವ ಫೋನ್) ಎಂಬ ಲೈಸೆನ್ಸ್ ಸಂದಿಯಲ್ಲಿ ನುಗ್ಗಿತು. ಲ್ಯಾಂಡ್‌ಲೈನ್ ಲೈಸೆನ್ಸ್, ಕೈಯಲ್ಲಿ ಮಾತ್ರ ಮೊಬೈಲು. ಜಿಎಸ್‌ಎಂನವರು ಕೋರ್ಟಿಗೆ ಹೋದರು. ಕೊನೆಗೆ 2003ರಲ್ಲಿ ಎಲ್ಲಕ್ಕೂ ಒಂದೇ ಲೈಸೆನ್ಸ್ ಬಂತು. ಬೆಲೆ ಇಳಿಸಿ ಹಳ್ಳಿಗೂ ಫೋನ್ ಮುಟ್ಟಿಸಿದ್ದರಲ್ಲಿ ರಿಲಯನ್ಸ್‌ನವರ ಪಾಲು ದೊಡ್ಡದು, ಅದನ್ನು ಒಪ್ಪಲೇಬೇಕು. ಆದರೆ ಜಗತ್ತಿನ ಹೆಚ್ಚಿನ ಭಾಗ ಜಿಎಸ್‌ಎಂ ಕಡೆ ಇತ್ತು. ಹ್ಯಾಂಡ್‌ಸೆಟ್ ಅಗ್ಗವಾಗಿ ಸಿಗುತ್ತಿದ್ದದ್ದೂ ಅಲ್ಲೇ. 2007ರಲ್ಲಿ ಎರಡನ್ನೂ ನಡೆಸಲು ಅನುಮತಿ ಪಡೆದು ಅವರೂ ಜಿಎಸ್‌ಎಂಗೆ ಬಂದರು.

ಆ ಕಾಲದ ಸಿಡಿಎಂಎ ಫೋನ್ ಒಂದು ನಮ್ಮ ಮನೆಯ ಡ್ರಾಯರಿನಲ್ಲಿದೆ. ಮೊನ್ನೆ ಮಗಳು ಬೇರೆ ಸಿಮ್ ಹಾಕಿ ನೋಡೋಣ ಅಂದಳು. ಹಿಂದಿನ ಮುಚ್ಚಳ ತೆಗೆದರೆ ಸಿಮ್‌ಗೆ ಜಾಗವೇ ಇಲ್ಲ.