ಫ್ಲಾಶ್ ಮೀಟರ್ ಕೊಳ್ಳುವ ಮುನ್ನ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: 10 ಅಡಿಗೆ 12 ಅಡಿಯ ಸ್ಟುಡಿಯೋ. 300 ವ್ಯಾಟ್-ಸೆಕೆಂಡಿನ ಎರಡು ಫ್ಲಾಶ್‌ಗಳಿವೆ. ಪಾಸ್‌ಪೋರ್ಟ್ ಫೋಟೋ ಜೊತೆಗೆ ಈಗ ಮಕ್ಕಳ ಫೋಟೋ, ನಿಶ್ಚಿತಾರ್ಥದ ಜೋಡಿ ಫೋಟೋಗಳೂ ಬರುತ್ತಿವೆ. ಕೈಯಲ್ಲಿ ಹಿಡಿಯುವ ಲೈಟ್ ಮೀಟರ್ ಬೇಕೆ? ಬೇಕಾದರೆ ಯಾವುದು?
– ಪಿ.ಜೆ. ಬಡಾವಣೆ, ದಾವಣಗೆರೆ

ಉತ್ತರ: ಬರೀ ಪಾಸ್‌ಪೋರ್ಟ್ ಫೋಟೋ ಆಗಿದ್ದರೆ ಬೇಡ ಎನ್ನುತ್ತಿದ್ದೆವು. ಸ್ಟೂಲು, ಲೈಟ್ ಸ್ಟ್ಯಾಂಡು ನಿಲ್ಲುವ ಜಾಗಕ್ಕೆ ನೆಲದ ಮೇಲೆ ಟೇಪ್ ಅಂಟಿಸಿ, ಒಮ್ಮೆ ಸರಿಹೊಂದಿಸಿದ ಅಪರ್ಚರನ್ನು (ಲೆನ್ಸಿನ ಬೆಳಕಿನ ಕಿಂಡಿಯ ಅಳತೆ; ಎಫ್ 8, ಎಫ್ 5.6 ಎನ್ನುವುದು ಇದನ್ನೇ) ಗೋಡೆಗೆ ಬರೆದಿಟ್ಟರೆ ಸಾಕು. ಆದರೆ ನಿಮ್ಮ ಲೈಟುಗಳು ದಿನಕ್ಕೆ ನಾಲ್ಕು ಸಲ ಜಾಗ ಬದಲಿಸುತ್ತವೆ. ಆಗ ಮೀಟರ್ ಉಳಿಸುವುದು ಗಿರಾಕಿಯ ಮುಂದೆ ಹೊಡೆಯುವ ಐದಾರು ಟ್ರಯಲ್ ಶಾಟ್‌ಗಳನ್ನು.

ಕೊಳ್ಳುವಾಗ ಕೇಳಬೇಕಾದ್ದು ಎರಡೇ. ಒಂದು, ಅದು ಫ್ಲಾಶ್ ಅಳೆಯುತ್ತದೆಯೇ? ಎರಡು, ವಸ್ತುವಿನ ಮೇಲೆ ಬೀಳುವ ಬೆಳಕನ್ನು ಅಳೆಯುವ ಬಿಳಿ ಗುಮ್ಮಟ ಇದೆಯೇ? ಸೆಕೋನಿಕ್ ಕಂಪನಿಯ ಎಲ್-308ಎಕ್ಸ್‌ನಲ್ಲಿ ಎರಡೂ ಇವೆ, ಒಂದು ಎಎ ಸೆಲ್‌ನಲ್ಲಿ ನಡೆಯುತ್ತದೆ. ನಿಮ್ಮ ಕೆಲಸಕ್ಕೆ ಅದು ಸಾಕು. ಎಲ್-478ಡಿ ಇನ್ನೊಂದು ಮಾತು ಹೇಳುತ್ತದೆ: ಒಟ್ಟು ಬೆಳಕಿನಲ್ಲಿ ಫ್ಲಾಶಿನ ಪಾಲು ಶೇಕಡಾ ಎಷ್ಟು, ಕೋಣೆಯ ಬೆಳಕಿನ ಪಾಲು ಎಷ್ಟು ಎಂದು. ಕಿಟಕಿ ಬೆಳಕು ಬೆರೆಸಿ ತೆಗೆಯುವವರಿಗೆ ಅದು ಉಪಯೋಗ. ಎಲ್-858ಡಿಯಲ್ಲಿ 1 ಡಿಗ್ರಿ ಸ್ಪಾಟ್ (ದೂರದ ಪುಟ್ಟ ಜಾಗವನ್ನಷ್ಟೇ ಅಳೆಯುವ ಸೌಲಭ್ಯ) ಇದೆ, ಹೈಸ್ಪೀಡ್ ಸಿಂಕ್ ಫ್ಲಾಶನ್ನೂ (ತೀರಾ ವೇಗದ ಶಟರ್ ಜೊತೆ ಬಳಸುವಂಥದ್ದು) ಅಳೆಯುತ್ತದೆ. ನಾಲ್ಕು ಗೋಡೆಯೊಳಗಿನ ಕೆಲಸಕ್ಕೆ ಅಷ್ಟು ದುಡ್ಡು ಸುರಿಯಬೇಡಿ, ಆ ಹಣಕ್ಕೆ ಒಂದು ದೊಡ್ಡ ಸಾಫ್ಟ್‌ಬಾಕ್ಸ್ ತನ್ನಿ.

ಇನ್ನು ಬಳಸುವ ಬಗೆ. ಮೀಟರ್‌ನಲ್ಲಿ ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 100, ಶಟರ್ 1/125 ಇಡಿ, ಕ್ಯಾಮೆರಾದಲ್ಲೂ ಅದೇ ಇರಲಿ. ಕಾರ್ಡ್‌ಲೆಸ್ ಫ್ಲಾಶ್ ಮೋಡ್‌ನಲ್ಲಿ ಬಟನ್ ಒತ್ತಿದರೆ ಮಿಂಚಿನ ಗುರುತು ಮಿಣುಕುತ್ತಾ ಸುಮಾರು ಒಂದೂವರೆ ನಿಮಿಷ ಕಾಯುತ್ತದೆ. ಅಷ್ಟರೊಳಗೆ ಇನ್ನೊಂದು ಕೈಯಲ್ಲಿರುವ ರೇಡಿಯೋ ಟ್ರಿಗರ್‌ನ (ವೈರಿಲ್ಲದೆ ಫ್ಲಾಶ್ ಹೊತ್ತಿಸುವ ಸಾಧನ) ಟೆಸ್ಟ್ ಬಟನ್ ಒತ್ತಿ. ಒಬ್ಬರೇ ಇದ್ದರೂ ಕೆಲಸ ಆಗುತ್ತದೆ. ಮೀಟರನ್ನು ಕೂತವರ ಗದ್ದದ ಕೆಳಗೆ ಹಿಡಿಯಿರಿ, ಗುಮ್ಮಟ ಕ್ಯಾಮೆರಾದ ಲೆನ್ಸ್ ಕಡೆ ಮುಖ ಮಾಡಿರಲಿ. ನಿಮ್ಮ ತೋಳಿನ ನೆರಳು ಗುಮ್ಮಟದ ಮೇಲೆ ಬಿದ್ದರೆ ಮೀಟರಿನ ಓದು ಅರ್ಧ ಸ್ಟಾಪ್ ಕೆಳಗಿಳಿಯುವುದು ಸುಲಭ (ಒಂದು ಸ್ಟಾಪ್ ಎಂದರೆ ಬೆಳಕು ಎರಡು ಪಟ್ಟು ಆಗುವುದು ಇಲ್ಲವೇ ಅರ್ಧಕ್ಕೆ ಇಳಿಯುವುದು). ಪಕ್ಕಕ್ಕೆ ನಿಂತು ಕೈ ಚಾಚಿ.

ಪರದೆಯ ಮೇಲೆ 8, ಅದರ ಪಕ್ಕ ಸಣ್ಣದಾಗಿ 3 ಎಂದು ಬಂದರೆ ಅದು ‘8.3’ ಅಲ್ಲ, ಎಫ್ 8ಕ್ಕಿಂತ ಒಂದು ಸ್ಟಾಪಿನ ಹತ್ತರಲ್ಲಿ ಮೂರು ಪಾಲು ಹೆಚ್ಚು ಎಂದರ್ಥ. ಕ್ಯಾಮೆರಾದಲ್ಲಿ ಎಫ್ 9 ಇಡಿ. ಸಣ್ಣ ಅಂಕಿ 7 ಇದ್ದರೆ ಎಫ್ 10. ಈ ಲೆಕ್ಕ ತಲೆನೋವು ಅನಿಸಿದರೆ ಮೀಟರನ್ನು ಮೂರನೇ ಒಂದು ಸ್ಟಾಪ್‌ನ ಹಂತಕ್ಕೆ ಬದಲಿಸಿಕೊಳ್ಳಿ.

ಮೇನ್ ಲೈಟ್ ಒಂದನ್ನೇ ಹಚ್ಚಿ ಗುಮ್ಮಟವನ್ನು ಆ ಲೈಟ್ ಕಡೆ ತಿರುಗಿಸಿ ಅಳೆಯಿರಿ, ನಂತರ ಫಿಲ್ ಲೈಟನ್ನೂ (ನೆರಳನ್ನು ತಿಳಿಯಾಗಿಸುವ ಎರಡನೇ ಲೈಟ್) ಹಾಗೆಯೇ. ಒಂದು 8, ಇನ್ನೊಂದು 5.6 ಬಂದರೆ ಒಂದು ಸ್ಟಾಪ್ ಅಂತರ. ಜೋಡಿ ಫೋಟೋಗೆ ಹಿತವಾದ ನೆರಳು ಸಿಗುತ್ತದೆ. ಕೊನೆಗೆ ಎರಡನ್ನೂ ಹಚ್ಚಿ, ಗುಮ್ಮಟವನ್ನು ಮತ್ತೆ ಕ್ಯಾಮೆರಾ ಕಡೆ ತಿರುಗಿಸಿ ಬಂದ ಅಂಕಿಯೇ ಕ್ಯಾಮೆರಾಕ್ಕೆ. ಬಿಳಿ ಹಿನ್ನೆಲೆ ಮುಖಕ್ಕಿಂತ ಅರ್ಧದಿಂದ ಒಂದು ಸ್ಟಾಪ್ ಹೆಚ್ಚಿರಲಿ. ಅದನ್ನೂ ಮೀರಿದರೆ ಗೋಡೆಯಿಂದ ಹಿಂದಿರುಗಿದ ಬೆಳಕು ಕೂದಲಿನ ಅಂಚನ್ನೇ ತಿಂದುಹಾಕುತ್ತದೆ. ಕೂರುವವರನ್ನು ಗೋಡೆಯಿಂದ ನಾಲ್ಕೈದು ಅಡಿ ಮುಂದೆ ಕೂರಿಸಿ.

ಪ್ರಶ್ನೆ: ಮೀಟರ್ ಎಫ್ 8 ಎನ್ನುತ್ತದೆ, 8ಕ್ಕೇ ಇಟ್ಟರೆ ಫೋಟೋ ಕತ್ತಲೆ. ಕ್ಯಾಮೆರಾ ಮೇಲಿನ ಸಣ್ಣ ಫ್ಲಾಶ್ ಮಿನುಗಿದಾಗ ಸ್ಟುಡಿಯೋ ಫ್ಲಾಶ್‌ಗಳು ಸ್ಲೇವ್ ಕಣ್ಣಿನಿಂದ (ಬೇರೆ ಫ್ಲಾಶಿನ ಬೆಳಕು ಕಂಡು ಚಾಲೂ ಮಾಡುವ ಸೆನ್ಸರ್) ಹೊತ್ತಿಕೊಳ್ಳುತ್ತವೆ. ಮೀಟರ್ ಕೆಟ್ಟಿದೆಯೇ?
– ಹರಿಹರ

ಉತ್ತರ: ಮೀಟರ್ ಸರಿಯಾಗಿಯೇ ಇದೆ ಎಂದು ಕಾಣುತ್ತದೆ. ನಿಮ್ಮ ಸಣ್ಣ ಫ್ಲಾಶ್ ಟಿಟಿಎಲ್‌ನಲ್ಲಿದೆ. ಟಿಟಿಎಲ್ ಎಂದರೆ ಶಟರ್ ತೆರೆಯುವ ಮುಂಚೆ ಒಂದು ಪುಟ್ಟ ಪ್ರೀಫ್ಲಾಶ್ ಹೋಗುತ್ತದೆ. ಸ್ಲೇವ್ ಕಣ್ಣು ಅದನ್ನು ಕಂಡದ್ದೇ ದೊಡ್ಡ ಫ್ಲಾಶ್‌ಗಳು ಹೊತ್ತಿ ಖಾಲಿಯಾಗುತ್ತವೆ. ಮೀಟರ್ ಆ ಬೆಳಕನ್ನು ನೋಡಿ 8 ಎಂದು ಸರಿಯಾಗಿಯೇ ಹೇಳುತ್ತದೆ. ಶಟರ್ ತೆರೆಯುವ ಹೊತ್ತಿಗೆ ಅವು ಇನ್ನೂ ಚಾರ್ಜ್ ಆಗುತ್ತಿರುತ್ತವೆ. ಕಣ್ಣಿಗೆ ಮಾತ್ರ ಎಲ್ಲವೂ ಒಟ್ಟಿಗೆ ಮಿಂಚಿದಂತೆಯೇ ಕಾಣುತ್ತದೆ, ಅದಕ್ಕೇ ಈ ದೋಷ ಬೇಗ ಸಿಕ್ಕಿಬೀಳುವುದಿಲ್ಲ.

ಸಣ್ಣ ಫ್ಲಾಶನ್ನು ಮ್ಯಾನುಯಲ್‌ಗೆ ತಂದು ಪವರನ್ನು 1/64ಕ್ಕೆ ಇಳಿಸಿ, ತಲೆಯನ್ನು ಮೇಲಕ್ಕೆ ತಿರುಗಿಸಿ. ರೆಡ್-ಐ ಕಡಿಮೆ ಮಾಡುವ ಸೆಟ್ಟಿಂಗ್ ಇದ್ದರೆ ಅದನ್ನೂ ಆಫ್ ಮಾಡಿ. ಇದಕ್ಕಿಂತ ರೇಡಿಯೋ ಟ್ರಿಗರ್ ಒಳ್ಳೆಯದು. ಹಳೇ ಕಾಲದ ಫ್ಲಾಶ್ ಆಗಿದ್ದರಂತೂ ಕೇಬಲ್ ಹಾಕಿ ಹೊಸ ಕ್ಯಾಮೆರಾಕ್ಕೆ ಜೋಡಿಸಲೇಬೇಡಿ, ಕೆಲವದರ ಸಿಂಕ್ ಸಾಕೆಟ್‌ನಲ್ಲಿ ನೂರು ವೋಲ್ಟ್ ಮೀರಿ ಇರುತ್ತದೆ.

ಆಮೇಲೂ ಪ್ರತಿ ಫೋಟೋ ಒಂದೇ ಅಳತೆಯಲ್ಲಿ ಕತ್ತಲಾಗಿ ಬಂದರೆ, ಮೀಟರಿನ ಐಎಸ್‌ಒ ಮಾತ್ರ 100ರಿಂದ 80ಕ್ಕೆ ಇಳಿಸಿ. ಮೂರನೇ ಒಂದು ಸ್ಟಾಪ್ ಸರಿಹೋಗುತ್ತದೆ. ಕ್ಯಾಮೆರಾ, ಮೀಟರ್ ಕಂಪನಿಗಳ ಲೆಕ್ಕದಲ್ಲಿ ಅಷ್ಟು ವ್ಯತ್ಯಾಸ ಸಾಮಾನ್ಯ. ಒಂದು ಸಲ ಕತ್ತಲು, ಒಂದು ಸಲ ಸರಿ ಎನ್ನುವಂತಿದ್ದರೆ ಅದು ಫ್ಲಾಶಿನ ಕಾಯಿಲೆ: ಬೀಪ್ ಬಂದರೂ ಪೂರ್ತಿ ಚಾರ್ಜ್ ಆಗಿರುವುದಿಲ್ಲ. ಹತ್ತು ಸಲ ಹೊಡೆದು ಓದುಗಳನ್ನು ಬರೆದುಕೊಳ್ಳಿ. ಒಂದು ಸ್ಟಾಪಿನ ಹತ್ತರಲ್ಲಿ ಎರಡು ಪಾಲಿನೊಳಗೆ ಏರಿಳಿದರೆ ಪರವಾಗಿಲ್ಲ. ಅದಕ್ಕಿಂತ ಹೆಚ್ಚಾದರೆ ಬೀಪ್ ಬಂದ ಮೇಲೂ ಎರಡು ಸೆಕೆಂಡ್ ತಡೆದು ಹೊಡೆಯಿರಿ.

ಪ್ರಶ್ನೆ: ಮೊಬೈಲ್ ಆ್ಯಪ್‌ನಲ್ಲಿ ಫ್ಲಾಶ್ ಅಳೆಯಬಹುದೇ?
– ಚಿತ್ರದುರ್ಗ

ಉತ್ತರ: ಆಗುವುದಿಲ್ಲ. ಆ್ಯಪ್ ಅಳೆಯುವುದು ನಿಂತ ಬೆಳಕನ್ನು. ಸ್ಟುಡಿಯೋ ಫ್ಲಾಶ್ ಸೆಕೆಂಡಿನ ಸಾವಿರದ ಒಂದು ಭಾಗದ ಆಸುಪಾಸಿನಲ್ಲಿ ಮುಗಿದುಹೋಗುತ್ತದೆ. ಎಲ್ಇಡಿ ಲೈಟ್‌ಗಾದರೆ ಅಂದಾಜಿಗೆ ಬಳಸಿಕೊಳ್ಳಿ.

ಪ್ರಶ್ನೆ: ಆನ್‌ಲೈನ್ ಮಾರಾಟಕ್ಕೆ ರೇಷ್ಮೆ ಸೀರೆಗಳ ಫೋಟೋ ತೆಗೆಯುತ್ತೇನೆ. ಕ್ಯಾಮೆರಾ ಕಡೆಯಿಂದ ಮೀಟರ್ ಹಿಡಿದರೆ ಜರಿ ಸೆರಗು ಮಂಕಾಗುತ್ತದೆ. ಚಳ್ಳಕೆರೆಯ ಕರೀ ಕಂಬಳಿ ತೆಗೆದರೆ ಬೂದಿ ಬಣ್ಣ ಬರುತ್ತದೆ.
– ಮೊಳಕಾಲ್ಮೂರು

ಉತ್ತರ: ನೀವು ಅಳೆಯುತ್ತಿರುವುದು ಬಟ್ಟೆಯಿಂದ ವಾಪಸ್ ಬರುವ ಬೆಳಕನ್ನು. ಆ ಬಗೆಯಲ್ಲಿ ಮೀಟರ್ ಎದುರಿಗಿದ್ದದ್ದೆಲ್ಲ ನಡು ಬೂದು ಎಂದುಕೊಳ್ಳುತ್ತದೆ. ಜರಿ ಹೊಳೆದರೆ ಬೆಳಕು ಜಾಸ್ತಿಯೆಂದು ಅಪರ್ಚರ್ ಕಿರಿದು ಮಾಡಿಸುತ್ತದೆ, ಕಂಬಳಿ ಬೆಳಕು ನುಂಗಿದರೆ ಅಗಲ ಮಾಡಿಸುತ್ತದೆ. ಗುಮ್ಮಟವನ್ನು ಮುಂದಕ್ಕೆ ಸರಿಸಿ, ಮೀಟರನ್ನು ಸೀರೆಗೆ ತಾಗಿಸಿ ಕ್ಯಾಮೆರಾ ಕಡೆ ತಿರುಗಿಸಿ. ಅದೇ ಜಾಗದಲ್ಲಿ ಕಂಬಳಿ ಹಾಕಿದರೂ ಅಂಕಿ ಬದಲಾಗದು; ಸೀರೆ ಸೀರೆಯಂತೆ, ಕಂಬಳಿ ಕಪ್ಪಾಗಿಯೇ ಬರುತ್ತದೆ. ಜರಿ ತೀರಾ ದಟ್ಟವಾಗಿದ್ದರೆ ಮಾತ್ರ ಮೂರನೇ ಒಂದು ಸ್ಟಾಪ್ ಕಡಿಮೆ ಮಾಡಿ.

ಗೋಡೆಗೆ ಹರಡಿದ ಸೀರೆಗೆ ಗುಮ್ಮಟಕ್ಕಿಂತ ಚಪ್ಪಟೆ ಅಳತೆ ಮೇಲು. 478ಡಿಯಲ್ಲಿ ಗುಮ್ಮಟವನ್ನು ತಿರುಗಿಸಿ ಒಳಕ್ಕೆ ಇಳಿಸಬಹುದು. 308ರಲ್ಲಿ ಅದು ಒಳಗೆ ಇಳಿಯುವುದಿಲ್ಲ, ಬಿಳಿ ತಟ್ಟೆಯನ್ನು ಹಾಕಿಕೊಳ್ಳಬೇಕು. ಎರಡೂ ಬದಿಯಿಂದ 45 ಡಿಗ್ರಿಗೆ ಲೈಟ್ ಇಟ್ಟು, ಸೀರೆಯ ನಡುವೆ ಒಂದೊಂದನ್ನೇ ಅಳೆಯಿರಿ. ಎಡದ್ದು ಅರ್ಧ ಸ್ಟಾಪ್ ಜೋರಾಗಿದ್ದು 150 ಸೆಂ.ಮೀ. ದೂರದಲ್ಲಿದ್ದರೆ ಸುಮಾರು 178ಕ್ಕೆ ಹಿಂದೆ ಸರಿಸಿ. ಆಮೇಲೆ ನಾಲ್ಕು ಮೂಲೆಯಲ್ಲೂ ನೋಡಿ. ಜರಿಯ ಮೇಲಿನ ಚುಚ್ಚುವ ಹೊಳಪು ಮಾತ್ರ ಮೀಟರಿಗೆ ಕಾಣದು. ಲೈಟುಗಳನ್ನು ಇನ್ನಷ್ಟು ಪಕ್ಕಕ್ಕೆ ಸರಿಸಿ ಕಣ್ಣಿನಲ್ಲೇ ತೀರ್ಮಾನಿಸಬೇಕು.

ಪ್ರಶ್ನೆ: ಹಳೇ ಮೀಟರ್‌ಗಳು ಅಗ್ಗಕ್ಕೆ ಸಿಗುತ್ತಿವೆ. ಕೊಳ್ಳಬಹುದೇ?
– ಹೊಳಲ್ಕೆರೆ

ಉತ್ತರ: ಮುಳ್ಳು ಓಡಾಡುವ, ಸೆಲ್ ಬೇಡದ ಸೆಕೋನಿಕ್ ಎಲ್-398 ನೋಡಲು ಚೆಂದ, ಫ್ಲಾಶ್‌ಗೆ ಮಾತ್ರ ಅದು ಕುರುಡು. ಮಿನೋಲ್ಟಾ ಆಟೋ ಮೀಟರ್ 4ಎಫ್, 5ಎಫ್ ಒಳ್ಳೆಯವು. ಆದರೆ ಕೋನಿಕಾ ಮಿನೋಲ್ಟಾ ಕಂಪನಿ 2006ರಲ್ಲೇ ಕ್ಯಾಮೆರಾ ವ್ಯವಹಾರ ಬಿಟ್ಟದ್ದರಿಂದ ರಿಪೇರಿಗೆ ಬಿಡಿಭಾಗ ಸಿಗುವ ಭರವಸೆ ಇಲ್ಲ. ಅದೇ 5ಎಫ್ ವಿನ್ಯಾಸ ಆಮೇಲೆ ಕೆಂಕೊ ಕೆಎಫ್ಎಂ-1100 ಎಂದು ಬಂತು, ಸಿಕ್ಕರೆ ಅದನ್ನು ನೋಡಿ. ದುಡ್ಡು ಕೊಡುವ ಮುಂಚೆ ಸೆಲ್ ಗೂಡಿನಲ್ಲಿ ಹಸಿರು ಕಿಲುಬು ಇದೆಯೇ, ಗುಮ್ಮಟ ಹಳದಿ ತಿರುಗಿದೆಯೇ ನೋಡಿ. ನಿಮ್ಮದೇ ಫ್ಲಾಶ್ ಒಯ್ದು ಪೂರ್ತಿ ಪವರ್, ಅರ್ಧ, ಕಾಲು ಎಂದು ಮೂರು ಸಲ ಹೊಡೆಯಿರಿ. ಓದು ಪ್ರತಿ ಸಲವೂ ಒಂದೊಂದು ಸ್ಟಾಪ್ ಇಳಿಯಬೇಕು. ಇಳಿಯದಿದ್ದರೆ ದೋಷ ಮೀಟರಿನದೋ ಫ್ಲಾಶಿನದೋ ಎಂದು ಇನ್ನೊಂದು ಫ್ಲಾಶ್ ಹೊಡೆದು ನೋಡುವವರೆಗೆ ಮುಂಗಡ ಕೊಡಬೇಡಿ.